ನೀಲಿ ಪಟ್ಟಿಯ ಚಪ್ಪಲಿ

ನೆಲ ಒರೆಸಿ ಆಗಿತ್ತು. ಪುಟ್ಟ ಕುರ್ಚಿಗಳನ್ನು ಗೋಡೆಗೆ ಸರಿಸಿ, ಕಿಟಕಿಗಳನ್ನು ತೆರೆದು, ಆಯಮ್ಮ ಬಾಗಿಲ ಬಳಿ ಬಂದು ಕುಕ್ಕರಗಾಲಲ್ಲಿ ಕೂತಳು. ಮರದ ಗೂಡಿನ ಕೆಳಸಾಲಿನಿಂದ ಒಂದು ಜೊತೆ ಚಪ್ಪಲಿ ಎತ್ತಿಕೊಂಡಳು. ನೀಲಿ ಪಟ್ಟಿ, ಕಪ್ಪು ಅಟ್ಟೆ. ಎಡಗಾಲಿನದರ ಹಿಮ್ಮಡಿ ಒಂದು ಬದಿಗೆ ಸವೆದಿತ್ತು. ಒದ್ದೆ ಬಟ್ಟೆಯನ್ನು ಹಿಂಡಿ ಪಟ್ಟಿಯ ಮೇಲಿನ ದೂಳು ಒರೆಸಿದಳು, ಆಮೇಲೆ ಅಂಚನ್ನು, ಆಮೇಲೆ ತಳವನ್ನು. ಒಳಗೆ ಕಾಲು ಊರುವ ಜಾಗದಲ್ಲಿ ಬೆರಳುಗಳ ಅಚ್ಚು ಕಪ್ಪಗೆ ಮೂಡಿತ್ತು. ಅದನ್ನು ಮಾತ್ರ ಮುಟ್ಟಲಿಲ್ಲ. ಹೆಬ್ಬೆರಳಿನ ಗುಳಿಯಲ್ಲಿ ಬಟಾಣಿ ಎಂಬ ಪುಟ್ಟ ಹುಡುಗಿ ದಿನವೂ ತನ್ನ ಬೆರಳಿಟ್ಟು ನೋಡುತ್ತಾಳೆ. ಅಳಿಸಿಹೋದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಒರೆಸಿದ ಚಪ್ಪಲಿಯನ್ನು ತುದಿ ಹೊರಗೆ ಬರುವಂತೆ, ಬಂದವರು ಕಾಲು ತೂರಿಸಿ ಹೊರಟುಬಿಡಬಹುದು ಎನ್ನುವಂತೆ, ಇದ್ದಲ್ಲೇ ಇಟ್ಟಳು.

ಗೂಡಿನಲ್ಲಿ ಬೇರೆ ಚಪ್ಪಲಿಗಳಿರಲಿಲ್ಲ. ಅವೆಲ್ಲ ಬೆಳಿಗ್ಗೆ ತಾಯಂದಿರ ಜೊತೆ ಬಂದು ಸಂಜೆ ತಾಯಂದಿರ ಜೊತೆ ಹೋಗುವಂಥವು. ಇದೊಂದು ಮಾತ್ರ ರಾತ್ರಿಯೂ ಇಲ್ಲೇ ಇರುತ್ತಿತ್ತು.

ಎರಡೇ ಕೋಣೆಯ ಶಿಶುವಿಹಾರ ಅದು. ಒಂದು ಕಡೆ ಸೈಕಲ್ ರಿಪೇರಿ ಅಂಗಡಿ, ಇನ್ನೊಂದು ಕಡೆ ಬಾಡಿಗೆಗೆ ಹೋಗದೆ ಬೀಗ ಹಾಕಿದ ಮನೆ. ನಡೆಸುವವರು ದೊಡ್ಡ ಮಿಸ್, ಹಾಡು ಕಲಿಸುವವಳು ಚಿಕ್ಕ ಮಿಸ್, ಉಳಿದಿದ್ದೆಲ್ಲ ಆಯಮ್ಮ. ಹೊಸ ಮಕ್ಕಳು ಸೇರುವ ತಿಂಗಳು ಬಂತೆಂದರೆ ಸೈಕಲ್ ಅಂಗಡಿಯವನು ರೇಡಿಯೋದ ಸದ್ದು ಹೆಚ್ಚಿಸುತ್ತಿದ್ದ. ಒಂದು ಮಗು ಶುರು ಮಾಡಿದರೆ ಸಾಕು, ಉಳಿದವೆಲ್ಲ ಹಿಮ್ಮೇಳ ಹಿಡಿಯುತ್ತಿದ್ದವು. ಕೆಲವು ಬಾಗಿಲ ಚಿಲಕಕ್ಕೆ ಜೋತುಬೀಳುತ್ತಿದ್ದವು, ಕೆಲವು ವಾಂತಿ ಮಾಡುತ್ತಿದ್ದವು, ಕೆಲವು ಚೀಲವನ್ನು ಬೆನ್ನಿನಿಂದ ಇಳಿಸಲು ಬಿಡದೆ ದಿನವಿಡೀ ಹೊರಟು ನಿಂತವರ ಹಾಗೆ ನಿಂತಿರುತ್ತಿದ್ದವು.

ಇವುಗಳಿಗೆಲ್ಲ ಆಯಮ್ಮನ ಹತ್ತಿರ ಒಂದು ಉಪಾಯವಿತ್ತು. ಅವಳೇನು ಯೋಚಿಸಿ ಕಂಡುಹಿಡಿದದ್ದಲ್ಲ. ಬಹಳ ಹಿಂದೆ ಒಬ್ಬ ತಾಯಿ ಗಡಿಬಿಡಿಯಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದಳು. ಅತ್ತೂ ಅತ್ತೂ ಗಂಟಲು ಕಟ್ಟಿಕೊಂಡಿದ್ದ ಅವಳ ಮಗ ಬಾಗಿಲಲ್ಲಿದ್ದ ಅಮ್ಮನ ಚಪ್ಪಲಿ ನೋಡಿದವನೇ ಸುಮ್ಮನಾಗಿ, ಅದರ ಪಕ್ಕದಲ್ಲೇ ಕೂತು ತಿಂಡಿ ಡಬ್ಬಿ ಬಿಚ್ಚಿದ್ದ. ಚಪ್ಪಲಿ ಇಲ್ಲಿದೆ ಎಂದಮೇಲೆ ಅಮ್ಮ ಎಲ್ಲಿಗೆ ಹೋದಾಳು? ಅಂದಿನಿಂದ ಆಯಮ್ಮ ಹೊಸ ತಾಯಂದಿರಿಗೆಲ್ಲ ಅದನ್ನೇ ಹೇಳತೊಡಗಿದಳು. ಬರುವಾಗ ಚೀಲದಲ್ಲಿ ಇನ್ನೊಂದು ಜೊತೆ ತನ್ನಿ. ಕಾಲಲ್ಲಿರುವುದನ್ನು ಮಗುವಿನ ಎದುರೇ ಇಲ್ಲಿ ಬಿಡಿ. ತಿರುವು ದಾಟಿದ ಮೇಲೆ ಚೀಲದ್ದನ್ನು ಹಾಕಿಕೊಳ್ಳಿ. ಸಂಜೆ ಬಂದಾಗ ಮಗುವಿನ ಕೈಯಿಂದಲೇ ಇದನ್ನು ತರಿಸಿಕೊಳ್ಳಿ.

ಮೊದಮೊದಲು ತಾಯಂದಿರು ನಗುತ್ತಿದ್ದರು. ಬಿಸಿಲಿಗೆ ಕಾದ ರಸ್ತೆಯಲ್ಲಿ ತಿರುವಿನವರೆಗೆ ಬೆಂಕಿ ತುಳಿದವರಂತೆ ಕುಪ್ಪಳಿಸಿಕೊಂಡು ಓಡುತ್ತಿದ್ದರು. ಸೈಕಲ್ ಅಂಗಡಿಯವನಿಗೆ ಅದು ದಿನದಿನದ ತಮಾಷೆಯಾಗಿತ್ತು. ಮೊಮ್ಮಗನನ್ನು ಬಿಡಲು ಬರುತ್ತಿದ್ದ ಒಬ್ಬ ಅಜ್ಜ ಮಾತ್ರ, ತನಗಿರುವುದು ಒಂದೇ ಜೊತೆ, ಬೇಕಾದರೆ ಹಲ್ಲಿನ ಸೆಟ್ಟು ಬಿಟ್ಟು ಹೋಗುತ್ತೇನೆ, ಊಟದ ಹೊತ್ತಿಗೆ ಓಡಿ ಬಂದೇ ಬರುತ್ತೇನೆ ಎಂದಿದ್ದ.

ಹಳೆಯ, ಕಿತ್ತುಹೋದ ಚಪ್ಪಲಿ ತಂದಿಡುವ ಹಾಗಿರಲಿಲ್ಲ. ಅದು ಆಯಮ್ಮನ ಕಟ್ಟಪ್ಪಣೆ. ಬೇಡವಾದದ್ದು ಯಾವುದು, ಬೇಕಾದದ್ದು ಯಾವುದು ಎಂಬುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಇನ್ನೂ ಕೆಲವು ಮಾತುಗಳಿದ್ದವು. ಮಗು ಆಟದಲ್ಲಿದ್ದಾಗ ಕಳ್ಳರ ಹಾಗೆ ಜಾರಿಕೊಳ್ಳಬೇಡಿ, ಮುಖ ನೋಡಿ ಹೇಳಿ ಹೋಗಿ. ಯಾವಾಗ ಬರುತ್ತೀರಿ ಅಂತ ಮಗುವಿಗೆ ತಿಳಿಯುವ ಹಾಗೆ ಹೇಳಿ, ಊಟ ಆಗಿ, ನಿದ್ದೆ ಆಗಿ, ಹಾಲು ಕುಡಿದ ಮೇಲೆ ಅಂತ. ಹೇಳಿದ ಮೇಲೆ ನಿಲ್ಲಬೇಡಿ. ತಿರುಗಿ ನೋಡಬೇಡಿ.

ಬಟಾಣಿ ಸೇರಿದ್ದು ಎಲ್ಲರಿಗಿಂತ ತಡವಾಗಿ. ದುಂಡು ತಲೆ, ದುಂಡು ಹೊಟ್ಟೆ, ಎಲ್ಲಿ ಕೂರಿಸಿದರೂ ಉರುಳಿ ಅಮ್ಮನ ಕಾಲಬಳಿಗೇ ಬರುತ್ತಿದ್ದಳು. ಅವಳಪ್ಪನೇ ಇಟ್ಟ ಹೆಸರಂತೆ ಅದು. ಅಪ್ಪ ಬ್ರೆಡ್ಡಿನ ವ್ಯಾನು ಓಡಿಸುತ್ತಿದ್ದ. ಅಮ್ಮ ಒಂದು ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದಳು. ಮುಂಗೈ ಮೇಲೆ ಸುಟ್ಟ ಗೆರೆಗಳು, ಕಡಿಮೆ ಮಾತು. ಬೇರೆ ತಾಯಂದಿರು ಗೇಟಿನ ಹತ್ತಿರ ಗುಂಪು ಕಟ್ಟಿಕೊಂಡು ಮಾತಾಡುವಾಗ ಇವಳು ಒಬ್ಬಳೇ ಕಿಟಕಿಯ ಪಕ್ಕದ ಗೋಡೆಗೆ ಆತು ನಿಂತು ಒಳಗಿನ ಅಳುವನ್ನು ಕೇಳಿಸಿಕೊಳ್ಳುತ್ತಿದ್ದಳು. ಅಳು ನಿಲ್ಲುವವರೆಗೂ ಕದಲುತ್ತಿರಲಿಲ್ಲ. ಅದರಿಂದ ಎಷ್ಟೋ ಸಲ ಅವಳ ಕೆಲಸಕ್ಕೆ ಹೊತ್ತಾಗಿದೆ ಎಂದು ಆಯಮ್ಮನಿಗೆ ಗೊತ್ತಿತ್ತು.

ಒಂದು ದಿನ ಅವಳೇ ಬಾಯಿಬಿಟ್ಟು ಕೇಳಿದಳು. "ಅಕ್ಕ, ಇವಳು ಪೂರ್ತಿ ಅಳು ನಿಲ್ಲಿಸ್ತಾಳಾ?"

"ನಿಲ್ಲಿಸದೆ ಏನ್ಮಾಡ್ತಾಳೆ? ಮದುವೆ ಆಗೋವರೆಗೂ ಅಳ್ತಾಳಾ?"

ಅವಳು ನಗಲಿಲ್ಲ. "ಹಾಗಲ್ಲಕ್ಕ. ನಾನು ಅಂತಲ್ಲ, ಯಾರ ಹತ್ರ ಬಿಟ್ರೂ ಇರಬೇಕು. ಹಾಗೆ ಮಾಡಿಕೊಡಿ."

ಆಯಮ್ಮನಿಗೆ ಈ ಮಾತು ಹೆಮ್ಮೆ ತಂದಿತ್ತು. ಮಗುವನ್ನು ತನಗೆ ಒಪ್ಪಿಸಿ ಇಷ್ಟು ನೇರವಾಗಿ ಕೇಳಿದವರು ಬೇರೆ ಯಾರೂ ಇರಲಿಲ್ಲ. ಹಟ ಹಿಡಿದಳು. ಚಪ್ಪಲಿಯ ಉಪಾಯವನ್ನು ಹೇಳಿದಳು, ತಾಯಿ ಚಾಚೂ ತಪ್ಪದೆ ಪಾಲಿಸಿದಳು. ತನ್ನ ನೀಲಿ ಪಟ್ಟಿಯ ಚಪ್ಪಲಿಯನ್ನೇ ಬಿಟ್ಟಳು; ಇದ್ದದ್ದರಲ್ಲಿ ಒಳ್ಳೆಯದು ಅದೇ. ಆಯಮ್ಮ ಬಟಾಣಿಯನ್ನು ಗೂಡಿನ ಎದುರು ಕೂರಿಸಿಕೊಂಡು, ಹೆಬ್ಬೆರಳಿನ ಗುಳಿಯಲ್ಲಿ ಅವಳ ಪುಟ್ಟ ಬೆರಳಿಡಿಸಿ, ನೋಡು, ಅಮ್ಮನ ಕಾಲು ಇಲ್ಲೇ ಇದೆ, ಇದನ್ನು ತಗೊಳ್ಳೋಕೆ ಅಮ್ಮ ಬಂದೇ ಬರ್ತಾಳೆ ಎಂದು ಹೇಳಿದಳು. ಮೊದಲ ದಿನ ಬಟಾಣಿ ನಂಬಲಿಲ್ಲ. ಸಂಜೆ ಅಮ್ಮ ಬಂದು ಚಪ್ಪಲಿ ಕೇಳಿದಾಗ ಬಿಟ್ಟ ಬಾಯಿ ಬಿಟ್ಟಂತೆಯೇ ನೋಡಿದಳು. ಮಾರನೆಯ ದಿನ ಸ್ವಲ್ಪ ನಂಬಿದಳು. ಆಮೇಲೆ ನಂಬಿಕೆ ಎಷ್ಟು ಬಲಿಯಿತೆಂದರೆ, ಅಳುವ ಬೇರೆ ಮಕ್ಕಳನ್ನು ತಾನೇ ಕೈಹಿಡಿದು ಗೂಡಿನ ಹತ್ತಿರ ಕರೆದೊಯ್ದು, "ನಿಂದು ಇದಾ? ಇದೆ ಅಲ್ವಾ? ಮತ್ಯಾಕೆ ಅಳ್ತೀಯ?" ಎಂದು ಗದರುವಳು. ಚಿಕ್ಕ ಮಿಸ್ ಅವಳನ್ನು ಚಿಕ್ಕ ಆಯಮ್ಮ ಎಂದು ಕರೆಯತೊಡಗಿದಳು.

ಬಟಾಣಿ ಅಳು ನಿಲ್ಲಿಸಿದ ಮೇಲೂ ತಾಯಿ ಕೆಲವು ದಿನ ಕಿಟಕಿಯ ಪಕ್ಕ ನಿಲ್ಲುತ್ತಿದ್ದಳು. ಏನೂ ಕೇಳಿಸದಿದ್ದಾಗ ತಲೆ ತಗ್ಗಿಸಿಕೊಂಡು ಹೋಗುವಳು.

ಆಮೇಲೊಂದು ಬೆಳಿಗ್ಗೆ ಅವಳು ದೊಡ್ಡ ಚೀಲ ಹಿಡಿದು ಬಂದಳು. ಎಂದಿನ ಹಾಗೆ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಚೀಲದ ಬಾಯಿಂದ ಲೇಸು ಕಟ್ಟುವ ಹೊಸ ಶೂ ಇಣುಕುತ್ತಿದ್ದುದನ್ನು ಆಯಮ್ಮ ನೋಡಿದಳು. ಏನಮ್ಮ, ಇವತ್ತು ಶೂ ಏನು, ಓಟದ ಪಂದ್ಯ ಇದೆಯಾ ಎಂದು ಚೇಷ್ಟೆ ಮಾಡಿದಳು. ಸ್ವಲ್ಪ ದೂರ ನಡೆಯುವುದಿದೆ ಎಂದಳು ಅವಳು. ಕೂತು ಮಗಳ ಮುಖಕ್ಕೆ ಮುಖ ಕೊಟ್ಟು, ಅಂಗಿಯ ಗುಂಡಿ ಸರಿಮಾಡಿ, ಹೋಗುತ್ತೇನೆ ಎಂದು ಹೇಳಿದಳು. ಕಳ್ಳತನದಿಂದ ಹೋಗಲಿಲ್ಲ. ನಿಲ್ಲಲಿಲ್ಲ. ತಿರುಗಿ ನೋಡಲಿಲ್ಲ. ಆಯಮ್ಮ ಹೇಳಿಕೊಟ್ಟದ್ದರಲ್ಲಿ ಒಂದೇ ಒಂದನ್ನು ಅವಳು ಅಂದು ಮಾಡಲಿಲ್ಲ: ಯಾವಾಗ ಬರುತ್ತೇನೆ ಎಂದು ಹೇಳಲಿಲ್ಲ. ಆಯಮ್ಮನಿಗೆ ಆಗಲೇ ಅದು ಗಮನಕ್ಕೆ ಬಂದಿತ್ತು. ಅಷ್ಟರಲ್ಲಿ ಯಾವುದೋ ಮಗು ನೀರು ಚೆಲ್ಲಿತು, ಅವಳು ಒರೆಸುವ ಬಟ್ಟೆ ಹುಡುಕಿಕೊಂಡು ಒಳಗೆ ಹೋದಳು.

ಆ ಸಂಜೆ ಬಂದದ್ದು ಅಪ್ಪ. ಬ್ರೆಡ್ಡಿನ ವ್ಯಾನನ್ನು ರಸ್ತೆಯ ನಡುವೆಯೇ ನಿಲ್ಲಿಸಿ ಬಂದಿದ್ದ. ಬಟಾಣಿ ಅಮ್ಮನ ಚಪ್ಪಲಿಯನ್ನು ಎತ್ತಿಕೊಡಲು ಹೋದಳು, ಅಪ್ಪನ ಮುಖ ನೋಡಿ ಮತ್ತೆ ಇದ್ದಲ್ಲೇ ಇಟ್ಟಳು. ಅಪ್ಪನಿಗೆ ಅಪ್ಪನ ಚಪ್ಪಲಿ ಇದೆಯಲ್ಲ, ಇದು ಅಮ್ಮನದು, ಅಮ್ಮನೇ ಬಂದು ತಗೊಳ್ಳಲಿ ಎಂದಳು. ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನವೂ.

ಅವನು ಆಯಮ್ಮನಿಗೆ ವಿಷಯ ಹೇಳಿದ್ದು ಒಂದು ವಾರ ಕಳೆದ ಮೇಲೆ, ಗೇಟಿನ ಕಂಬಿ ಹಿಡಿದುಕೊಂಡು, ಎತ್ತಲೋ ನೋಡುತ್ತ. ಜಗಳವೇನೂ ಆಗಿರಲಿಲ್ಲ. ಅವಳು ಲಾಂಡ್ರಿಯ ಕೆಲಸ ಬಿಟ್ಟು ಎಷ್ಟೋ ದಿನವಾಗಿತ್ತಂತೆ, ಅದೂ ಅವನಿಗೆ ಆಮೇಲೆ ತಿಳಿದದ್ದು. ಎಲ್ಲಿಗೆ, ಯಾರ ಜೊತೆ, ಏಕೆ, ಒಂದೂ ಗೊತ್ತಿಲ್ಲ. ಒಂದೇ ಒಂದು ಸಲ ಫೋನು ಮಾಡಿದ್ದಳು. ತಾನು ಚೆನ್ನಾಗಿದ್ದೇನೆ, ಹುಡುಕಬೇಡಿ ಎಂದಿದ್ದಳು.

"ಆಮೇಲೆ ಮಗು ಅಳ್ತಿಲ್ಲ ಅಲ್ವಾ ಅಂತ ಕೇಳಿದ್ಲು ಅಕ್ಕ."

"ನೀನೇನಂದೆ?"

"ಅಳ್ತಿಲ್ಲ ಅಂದೆ. ನಿಜ ಅಲ್ವಾ. ಅಳ್ತಿಲ್ವಲ್ಲ." ಅವನು ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದ. "ಅಳ್ತಾಳೆ ಅಂದಿದ್ರೆ ಬರ್ತಿದ್ಲೇನೋ."

ಆಯಮ್ಮ ಗೂಡಿನ ಕಡೆ ನೋಡಿದಳು. ಬಂದೇ ಬರುತ್ತಾಳೆ ಎಂದು ಮಗುವಿಗೆ ಮಾತು ಕೊಟ್ಟವಳು ತಾನು. ಅಳು ನಿಲ್ಲಿಸಿ ತಾಯಿಗೆ ದಾರಿ ಮಾಡಿಕೊಟ್ಟವಳೂ ತಾನೇ. ಅಂದಿನಿಂದ ಬೆಳಿಗ್ಗೆ ಎಲ್ಲ ಕೆಲಸ ಮುಗಿಸಿ ಆ ಚಪ್ಪಲಿಯನ್ನು ಒರೆಸಿಡತೊಡಗಿದಳು. ದೂಳು ಹಿಡಿಯಲು ಬಿಟ್ಟರೆ ಬಿಟ್ಟುಹೋದದ್ದು ಎಂದು ಮಗುವಿಗೆ ತಿಳಿಯುತ್ತದೆ. ಅದನ್ನು ತಡೆಯಲು ಅವಳ ಕೈಲಾಗಿದ್ದು ಅಷ್ಟೇ.

ಬಟಾಣಿ ಅಳಲಿಲ್ಲ. ಆದರೆ ಆಡುವುದನ್ನೂ ಬಿಟ್ಟಳು. ಗೂಡಿನ ಪಕ್ಕದಲ್ಲೇ ಊಟ, ಅಲ್ಲೇ ನಿದ್ದೆ. ಸಂಜೆ ಅಪ್ಪ ಬಂದರೆ ಹೊರಡಲು ಒಪ್ಪುತ್ತಿರಲಿಲ್ಲ. ತಾನು ಹೋದಮೇಲೆ ಅಮ್ಮ ಬಂದರೆ ಚಪ್ಪಲಿ ಎತ್ತಿಕೊಡುವವರು ಯಾರು ಎನ್ನುವಳು. ಬೆಳಿಗ್ಗೆ ಬಿಡಲು ಬಂದಾಗ ಉಳಿದ ಮಕ್ಕಳು ತಾಯಿಯನ್ನು ಬಿಟ್ಟು ಇರಲಾರದೆ ಗೋಳಾಡುತ್ತಿದ್ದರೆ, ಇವಳು ಸಂಜೆ ಶಿಶುವಿಹಾರವನ್ನು ಬಿಟ್ಟು ಹೋಗಲಾರದೆ ನೆಲಕ್ಕೆ ಅಂಟಿ ಕೂರುತ್ತಿದ್ದಳು.

ದೊಡ್ಡ ಮಿಸ್ ಕೆಟ್ಟವರಲ್ಲ. ಆಯಮ್ಮನನ್ನು ಒಳಗೆ ಕರೆದು ಕೂರಿಸಿಯೇ ಹೇಳಿದರು. ಇದು ಹೀಗೆ ಮುಂದುವರಿದರೆ ಮಗು ಕೊರಗಿ ಹೋಗುತ್ತದೆ. ಚಪ್ಪಲಿ ಕಣ್ಣೆದುರು ಇರುವತನಕ ಅವಳು ಮರೆಯುವುದಿಲ್ಲ. ನಿಧಾನವಾಗಿ ಮರೆಯಲಿ.

"ತೆಗೆದು ಒಳಗೆ ಇಟ್ಟುಬಿಡಿ ಆಯಮ್ಮ. ಒಂದೆರಡು ದಿನ ಅಳ್ತಾಳೆ. ಅತ್ತರೆ ಒಳ್ಳೇದೇ."

ಆಯಮ್ಮನಿಗೂ ಹಾಗೆಯೇ ಅನ್ನಿಸಿತು. ಅಳಲಿ, ಅತ್ತು ಹಗುರಾಗಲಿ, ತಾನು ತೊಡೆಯ ಮೇಲೆ ಹಾಕಿಕೊಂಡು ಸಂತೈಸಿದರಾಯಿತು ಎಂದುಕೊಂಡಳು. ಅಂದು ಸಂಜೆ ಎಲ್ಲರೂ ಹೋದಮೇಲೆ ಚಪ್ಪಲಿಯನ್ನು ಹಳೆಯ ಪರದೆಯಲ್ಲಿ ಸುತ್ತಿ, ಉಗ್ರಾಣದಲ್ಲಿ ಮುರಿದ ಆಟಿಕೆಗಳ ಹಿಂದೆ ಇಟ್ಟಳು. ಎಷ್ಟು ಮಕ್ಕಳನ್ನು ಕಂಡಿದ್ದಳು ಅವಳು. ಆದರೂ ಸಂಜೆ ಗೂಡು ಖಾಲಿಯಾಗುವುದು ಯಾಕೆ ಎಂಬುದನ್ನು ತಾನೇ ಆ ಮಕ್ಕಳಿಗೆ ಕಲಿಸಿದ್ದೇನೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಬಟಾಣಿ ಬಂದಳು. ಗೂಡಿನ ಎದುರು ನಿಂತಳು. ಆಯಮ್ಮ ಎರಡೂ ಕೈ ಚಾಚಿ ಕಾದು ನಿಂತಿದ್ದಳು. ಮಗುವಿನ ಮುಖ ಅರಳಿತು. ಅಷ್ಟು ದಿನದಲ್ಲಿ ಆ ಮುಖದಲ್ಲಿ ಇಲ್ಲದಿದ್ದ ಬೆಳಕು ಅದು.

"ಅಮ್ಮ ಬಂದ್ಲು. ತಗೊಂಡು ಹೋದ್ಲು."

ಆಯಮ್ಮ ಬಾಯಿ ತೆರೆಯುವಷ್ಟರಲ್ಲಿ ಅವಳು ಒಳಗೆ ಓಡಿ ಎಲ್ಲ ಮಕ್ಕಳಿಗೂ ಹೇಳಿ ಆಗಿತ್ತು. ಅಂದು ಅವಳು ಹಾಡಿದಳು, ಮಣಿ ಪೋಣಿಸಿದಳು, ಡಬ್ಬಿಯಲ್ಲಿದ್ದದ್ದನ್ನು ಒಂದಗುಳೂ ಬಿಡದೆ ತಿಂದಳು. ಚಪ್ಪಲಿ ಒಳಗಿದೆ ಎಂದು ಹೇಳಲು ಆಯಮ್ಮ ಹಲವು ಸಲ ಹತ್ತಿರ ಹೋದಳು. ಹೋದಾಗಲೆಲ್ಲ ಮಗು ಕುತ್ತಿಗೆಗೆ ಜೋತುಬಿದ್ದು, ಅಮ್ಮ ಮನೆಯಲ್ಲಿ ಏನು ಮಾಡುತ್ತಿರಬಹುದು ಎಂದು ಕೇಳುತ್ತಿತ್ತು. ದೊಡ್ಡ ಮಿಸ್ ಕಡೆ ನೋಡಿದರೆ ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತಿದ್ದರು. ಅಪ್ಪ ಬರುವ ಹೊತ್ತಿಗೆ ಗೇಟಿನಲ್ಲೇ ಅವನನ್ನು ತಡೆದು ಹೇಳಬೇಕೆಂದು ಆಯಮ್ಮ ಕಾದಳು. ಅಷ್ಟರಲ್ಲಿ ಒಂದು ಮಗುವಿಗೆ ಮೂಗಿನಿಂದ ರಕ್ತ ಬಂತು. ಅದನ್ನು ತೊಳೆದು ಹೊರಗೆ ಬರುವಾಗ ವ್ಯಾನು ನಿಂತಿತ್ತು.

ಬಟಾಣಿ ಅಪ್ಪನ ಕಾಲು ಕಟ್ಟಿಕೊಂಡಿದ್ದಳು. ಅಮ್ಮ ಬಂದು ಚಪ್ಪಲಿ ಹಾಕಿಕೊಂಡು ಮನೆಗೆ ಹೋಗಿದ್ದಾಳೆ, ಬೇಗ ನಡಿ ಎನ್ನುತ್ತಿದ್ದಳು. ಅವನು ಖಾಲಿ ಗೂಡನ್ನು ನೋಡಿದ. ಆಯಮ್ಮನನ್ನು ನೋಡಲಿಲ್ಲ, ಒಂದು ಮಾತು ಕೇಳಲಿಲ್ಲ. ಮಗಳನ್ನು ಬಾಚಿ ಎತ್ತಿಕೊಂಡು ಓಡಿದ. ಆಯಮ್ಮ ತಮ್ಮಾ, ತಮ್ಮಾ ಎಂದು ರಸ್ತೆಯವರೆಗೂ ಹಿಂದೆ ಓಡಿದಳು. ವ್ಯಾನಿನ ಹಿಂಬಾಗಿಲು ಸರಿಯಾಗಿ ಹಾಕಿರಲಿಲ್ಲ. ತಿರುವಿನಲ್ಲಿ ಎರಡು ಬ್ರೆಡ್ಡು ರಸ್ತೆಗೆ ಬಿದ್ದವು. ಸೈಕಲ್ ಅಂಗಡಿಯವನು ರೇಡಿಯೋ ಆರಿಸಿ, ಏನಾಯ್ತು ಆಯಮ್ಮ ಎಂದು ಕೇಳಿದ. ಅವಳು ಬ್ರೆಡ್ಡು ಎತ್ತಿಕೊಂಡು ದೂಳು ಕೊಡವುತ್ತ ನಿಂತಳು.

ಮಾರನೆಯ ಬೆಳಿಗ್ಗೆ ಅವರು ಬರುವ ಮೊದಲೇ ಚಪ್ಪಲಿ ಗೂಡಿನಲ್ಲಿತ್ತು. ಬೇರೇನು ಮಾಡಬೇಕೆಂದು ಅವಳಿಗೆ ತೋಚಿರಲಿಲ್ಲ. ಅಪ್ಪನ ಕಣ್ಣುಗಳು ಕೆಂಡವಾಗಿದ್ದವು, ಆದರೆ ಕೂಗಾಡಲಿಲ್ಲ.

"ಮನೆ ಬೀಗ ಹಾಕೇ ಇತ್ತಕ್ಕ. ನಾನು ಆದ್ರೂ ಬಾಗಿಲು ಬಡಿದೆ. ನನ್ನ ಮನೆ ಬಾಗಿಲನ್ನ ನಾನೇ ಬಡಿದೆ."

ಬಟಾಣಿ ಗೂಡಿನ ಎದುರು ನಿಂತಿದ್ದಳು. ಗುಳಿಯಲ್ಲಿ ಬೆರಳಿಟ್ಟು ನೋಡಿದಳು. ಅದೇ ಚಪ್ಪಲಿ. ಆಯಮ್ಮನ ಕಡೆ ತಿರುಗಿ ಕೇಳಿದಳು, "ಅಮ್ಮ ಬಂದು ಮತ್ತೆ ಬಿಟ್ಟು ಹೋದ್ಲಾ? ನನ್ನ ನೋಡದೇನೇ?"

ಇಲ್ಲ ಕಂದ, ನಾನೇ ಒಳಗೆ ಇಟ್ಟಿದ್ದೆ, ಅಮ್ಮ ಬಂದಿರಲಿಲ್ಲ ಎಂದು ಆಯಮ್ಮ ಹೇಳಿದಳು. ನೆಲದ ಮೇಲೆ ಕೂತು, ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದಳು. ಉಗ್ರಾಣಕ್ಕೆ ಕರೆದೊಯ್ದು ಪರದೆಯ ಬಟ್ಟೆಯನ್ನು ತೋರಿಸಿದಳು. ಮಗು ನಂಬಲಿಲ್ಲ. ಆಯಮ್ಮ ಸುಳ್ಳು ಹೇಳುವವಳಲ್ಲ ಎಂದು ಅದಕ್ಕೆ ಗೊತ್ತಿತ್ತು. ಆದರೆ ಚಪ್ಪಲಿ ಹೋದರೆ ಅಮ್ಮ ಬಂದಳೆಂದೇ ಅರ್ಥ ಎಂದು ಹೇಳಿಕೊಟ್ಟದ್ದೂ ಆಯಮ್ಮನೇ. ಆಗ ಅವಳು ಅತ್ತಳು. ದೊಡ್ಡ ಮಿಸ್ ಹೇಳಿದಂಥ ಒಂದೆರಡು ದಿನದ ಅಳುವಲ್ಲ, ಮಗುವಿನ ಅಳುವೂ ಅಲ್ಲ. ಸದ್ದಿಲ್ಲದೆ, ಚೀಲ ಬೆನ್ನಿಗಿದ್ದಂತೆಯೇ, ಗೋಡೆಯ ಕಡೆ ತಿರುಗಿ. ಉಳಿದ ಮಕ್ಕಳು ಹಿಮ್ಮೇಳ ಹಿಡಿಯಲಿಲ್ಲ. ಬಂದು ತಮ್ಮ ತಮ್ಮ ತಾಯಂದಿರ ಚಪ್ಪಲಿಗಳನ್ನು ಎತ್ತಿಕೊಂಡು ಎದೆಗೆ ಅವುಚಿ ನಿಂತರು.

ಅಪ್ಪ ತನ್ನ ಅಕ್ಕನಿಗೆ ಫೋನು ಮಾಡಿದ. ಬಸ್ಸಿನಲ್ಲಿ ಹೋದರೆ ದಿನವಿಡೀ ಹಿಡಿಯುವಷ್ಟು ದೂರದ ಊರು ಅವಳದು. ಅಲ್ಲಿ ಮಕ್ಕಳಿದ್ದಾರೆ, ಜೊತೆಯಾಗುತ್ತದೆ ಎಂದು ಯಾರೋ ಹೇಳಿದರು. ಬಟಾಣಿ ಆ ಅತ್ತೆಯನ್ನು ನೋಡಿದ್ದು ಕೈಗೂಸಾಗಿದ್ದಾಗ.

ಇವತ್ತೇ ಹೊರಡುವ ದಿನ. ಆಯಮ್ಮ ಚಪ್ಪಲಿ ಒರೆಸಿ ಎದ್ದು ಬಟ್ಟೆ ಹಿಂಡುತ್ತಿರುವಾಗಲೇ ವ್ಯಾನು ಬಂದು ನಿಂತಿತು. ಒಳಗೆ ಬ್ರೆಡ್ಡಿರಲಿಲ್ಲ, ಒಂದು ಟ್ರಂಕು ಮತ್ತು ಸುತ್ತಿಟ್ಟ ಹಾಸಿಗೆ ಇದ್ದವು. ಅವನು ಮಗಳ ಲೋಟ, ಬದಲಿ ಅಂಗಿ, ಬಣ್ಣದ ಕಡ್ಡಿಗಳನ್ನು ತಗೊಳ್ಳಲು ಬಂದಿದ್ದ. ಚಿಕ್ಕ ಮಿಸ್ ಎಲ್ಲವನ್ನೂ ಒಂದು ಪೊಟ್ಟಣ ಕಟ್ಟಿ ಕೊಟ್ಟು, ಮೂಗು ಒರೆಸಿಕೊಳ್ಳುತ್ತ ಒಳಗೆ ಹೋದಳು.

ಅವನು ನೀಲಿ ಪಟ್ಟಿಯ ಚಪ್ಪಲಿಯ ಕಡೆ ಕೈ ತೋರಿಸಿ, ಅದನ್ನೂ ಕೊಟ್ಟುಬಿಡಿ, ದಾರಿಯಲ್ಲಿ ಎಲ್ಲಾದರೂ ಎಸೆಯುತ್ತೇನೆ ಎಂದು ಮೆಲ್ಲಗೆ ಹೇಳಿದ. ಮೆಲ್ಲಗೆ ಹೇಳಿದ್ದು ಸಾಲಲಿಲ್ಲ. ಬಟಾಣಿ ಅಪ್ಪನ ಕೈಬಿಡಿಸಿಕೊಂಡು ಬಂದು ಗೂಡಿನ ಮುಂದೆ ಕೂತಳು. ಅತ್ತೆಯ ಮನೆಗೆ ಹೋಗಲೆಂದು ಕೊಡಿಸಿದ್ದ ಹೊಸ ಚಪ್ಪಲಿ ಅವಳ ಕಾಲಲ್ಲಿತ್ತು. ಬಕಲ್ಲು ಬಿಗಿಯಾಗಿತ್ತು, ಎಳೆದೆಳೆದು ಬಿಚ್ಚಿದಳು. ಒಂದನ್ನು ಅಮ್ಮನ ಚಪ್ಪಲಿಯ ಈ ಬದಿಗೆ, ಇನ್ನೊಂದನ್ನು ಆ ಬದಿಗೆ ಇಟ್ಟಳು. ತುದಿ ಹೊರಗೆ ಬರುವಂತೆ ತಿರುಗಿಸಿದಳು.

"ಹೊಸಾದು ಆಯಮ್ಮ. ಹಳೇದು ನಡೆಯಲ್ಲ ಅಲ್ವಾ," ಎಂದಳು. "ಅಮ್ಮ ಬಂದು ನೋಡಿದ್ರೆ ನಾನು ಬರ್ತೀನಿ ಅಂತ ಗೊತ್ತಾಗುತ್ತೆ."

ಅಪ್ಪ ರಸ್ತೆಯ ಕಡೆ ತಿರುಗಿ ನಿಂತ. ದೊಡ್ಡ ಮಿಸ್ ಬಾಗಿಲವರೆಗೆ ಬಂದು ಅಲ್ಲೇ ನಿಂತರು. ಆಯಮ್ಮನ ಕೈಯಲ್ಲಿ ಒದ್ದೆ ಬಟ್ಟೆ ಹಾಗೆಯೇ ಇತ್ತು, ಅದರ ನೀರು ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು. ಇನ್ನೊಂದು ಮಾತು ಕೊಡುವ ಶಕ್ತಿ ಅವಳಲ್ಲಿರಲಿಲ್ಲ.

ಅಪ್ಪ ಬಂದು ಮಗಳನ್ನು ಎತ್ತಿಕೊಂಡು ವ್ಯಾನಿನಲ್ಲಿ ಕೂರಿಸಿದ. ಬರಿಗಾಲುಗಳು ಸೀಟಿನ ಅಂಚಿನಿಂದ ತೂಗಾಡಿದವು. ಅವನು ಗಾಡಿ ಚಾಲೂ ಮಾಡಿದ. ಬಟಾಣಿ ಕಿಟಕಿಯಿಂದ ಮುಖ ಹೊರಗೆ ಹಾಕಿದಳು, ಅಳದೆ, ಆಯಮ್ಮನ ಕಣ್ಣನ್ನೇ ನೋಡುತ್ತ.

"ನಂದನ್ನೂ ದಿನಾ ಒರೆಸು, ಆಯಮ್ಮ."